ಹಂಪಿಯಲ್ಲಿ ದುಡ್ಡು ಕೊಡಬೇಕಾದದ್ದು ಮಧ್ಯಾಹ್ನಕ್ಕೆ

ಮಕ್ಕಳು, ಅಜ್ಜ-ಅಜ್ಜಿಯರನ್ನೆಲ್ಲ ಕರೆದುಕೊಂಡು ಹಂಪಿಗೆ ಹೊರಡುವ ಮನೆಗಳಲ್ಲಿ ಈಗ ಒಂದು ಕ್ರಮ ಕಾಣುತ್ತಿದೆ. ರೈಲಿನಲ್ಲಿ ಸ್ಲೀಪರ್ ಕ್ಲಾಸು, ಓಡಾಟಕ್ಕೆ ಕೆಂಪು ಬಸ್ಸು, ಮಲಗಲು ಹೋಮ್‌ಸ್ಟೇ. ಹೀಗೆ ಕೈ ಬಿಗಿಹಿಡಿದು ಉಳಿಸಿದ್ದನ್ನು ಕೊನೆಯ ರಾತ್ರಿ ಕಮಲಾಪುರದ ಕಡೆಯ ದುಬಾರಿ ರೆಸಾರ್ಟಿಗೆ ಕೊಡುವುದು. ಸಾಲ ಮಾಡದೆ ಮನೆಮಂದಿಗೆಲ್ಲ ಒಂದು ದಿನದ ವೈಭೋಗ ಸಿಗಲಿ ಎಂಬ ಇದರ ಆಸೆ ನನಗೆ ಇಷ್ಟ. ಆದರೆ ಉಳಿಸುವ ಜಾಗ, ಸುರಿಯುವ ಜಾಗ ಎರಡೂ ತಪ್ಪಿವೆ ಎಂದೇ ನನ್ನ ಅನಿಸಿಕೆ.

ಬೆನ್ನಿಗೆ ಚೀಲ ಹಾಕಿಕೊಂಡು ಅಗ್ಗದಲ್ಲಿ ಅಲೆಯುವ ರೀತಿ ಸಂಸಾರಕ್ಕೆಂದು ಹುಟ್ಟಿದ್ದಲ್ಲ. 1972ರಲ್ಲಿ ಲಂಡನ್ನಿನಿಂದ ಏಷ್ಯಾ ಹಾದು ಆಸ್ಟ್ರೇಲಿಯಾಕ್ಕೆ ಹೋಗಿ, ಮುಂದೆ ಲೋನ್ಲಿ ಪ್ಲಾನೆಟ್ ಪ್ರಕಾಶನ ಕಟ್ಟಿದ ಟೋನಿ ಮತ್ತು ಮೌರೀನ್ ವೀಲರ್ ಆಗಿನ್ನೂ ಹೊಸ ದಂಪತಿ. ತುಂಗಭದ್ರೆಯ ಆಚೆಗಿನ ವಿರೂಪಾಪುರ ಗಡ್ಡೆಯ ಗುಡಿಸಲುಗಳು ನಡೆದದ್ದೂ ಇಂಥವರಿಂದಲೇ. ಹೊರಡುವ ದಿನ ಗೊತ್ತುಮಾಡಿಕೊಳ್ಳದೆ ಉಳಿಯುವ ಹರೆಯದವರು ಅಲ್ಲಿಗೆ ಬರುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ಸಂಸಾರಕ್ಕೆ ಆ ಹರೆಯದವರ ಬಿಡುವೆಲ್ಲಿ? ಶಾಲೆಗೆ ರಜೆ ಬಂದಾಗಲೇ ಹೊರಡಬೇಕು. ದೊಡ್ಡ ರಜೆ ಬರುವುದು ಏಪ್ರಿಲ್-ಮೇನಲ್ಲಿ. ಆಗ ಹಂಪಿಯ ಬಂಡೆಗಳು ಕಾದು ಕೆಂಡವಾಗಿರುತ್ತವೆ.

ಬೇಸಿಗೆಯ ಹಂಪಿಯಲ್ಲಿ ಬೆಳಗ್ಗೆ ಹತ್ತರವರೆಗೆ ಸುತ್ತಬಹುದು, ಸಂಜೆ ನಾಲ್ಕರ ಮೇಲೆ ಮತ್ತೆ ಸುತ್ತಬಹುದು. ನಡುವಿನ ಆರು ತಾಸು ಮಕ್ಕಳನ್ನೂ ಮುದುಕರನ್ನೂ ಹಿಂಡಿಬಿಡುತ್ತದೆ. ಬೇಕಾದದ್ದು ಆ ಹೊತ್ತಿಗೆ ತಂಪಾದ ಕೋಣೆ, ಧಾರಾಳ ನೀರು, ಅಜ್ಜಿಯ ಮಂಡಿಗೆ ಕಷ್ಟ ಕೊಡದ ಕಮೋಡು. ಕೊನೆಯ ರಾತ್ರಿಯ ರೆಸಾರ್ಟು ಇದಾವುದನ್ನೂ ಆ ಹೊತ್ತಿಗೆ ಕೊಡುವುದಿಲ್ಲ. ಸುತ್ತಿ ಸುಸ್ತಾಗಿ ಸಂಜೆ ಹೊಕ್ಕು, ಮಲಗಿ ಎದ್ದು, ಮಕ್ಕಳು ಈಜುಕೊಳಕ್ಕೆ ಇಳಿಯುವಷ್ಟರಲ್ಲಿ ಕೋಣೆ ಬಿಡುವ ಹೊತ್ತಾಗಿರುತ್ತದೆ. ಅದೇ ರೆಸಾರ್ಟನ್ನು ಪ್ರವಾಸದ ನಡುವಿನ ದಿನಕ್ಕೆ ತಂದು, ಮಧ್ಯಾಹ್ನದ ಬಿಸಿಲನ್ನು ಅಲ್ಲಿ ಕಳೆದರೆ ಕೊಟ್ಟ ದುಡ್ಡು ಮೈಗೆ ಹತ್ತುತ್ತದೆ. ಅಷ್ಟು ದುಬಾರಿ ಕೋಣೆಯೇ ಬೇಕೆಂದೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದರ ಮೇಲಿನದಕ್ಕೆ ಶೇ. 18. ಆ ಗೆರೆಯ ಕೆಳಗೇ ಒಂದು ಎ.ಸಿ. ಕೋಣೆಯನ್ನು ಎರಡು-ಮೂರು ದಿನ ಹಿಡಿಯುವುದು ಒಂದು ರಾತ್ರಿಯ ಅರಮನೆಗಿಂತ ಹೆಚ್ಚು ಸುಖ.

ಅರಮನೆ ಎಂದಾಗ ಇನ್ನೊಂದು ಮಾತು. ವಿಜಯನಗರದ ಅರಮನೆಗಳಲ್ಲಿ ನಮಗೆ ಉಳಿದಿರುವುದು ಹೆಚ್ಚಾಗಿ ಕಲ್ಲಿನ ಜಗತಿ ಮಾತ್ರ. ಮೇಲಿನ ಮರದ ಕಟ್ಟಡ ಹೋಗಿಬಿಟ್ಟಿದೆ. ಆ ಕಾಲದ ಶೈಲಿಯನ್ನು ಅನುಕರಿಸಿ ಕಟ್ಟಿದ ಹೊಸ ರೆಸಾರ್ಟು ಕಮಾನು, ಗೋಪುರಗಳಿಂದ ಆ ಖಾಲಿಯನ್ನು ತುಂಬುತ್ತದೆ. ಕೊನೆಯ ರಾತ್ರಿ ಅಲ್ಲಿ ತಂಗಿದ ಮಗುವಿನ ಮನಸ್ಸಿನಲ್ಲಿ ಅದೇ ವಿಜಯನಗರವಾಗಿ ಉಳಿಯುತ್ತದೆ. ನಡುವೆ ತಂಗಿದರೆ, ಮರುದಿನ ರಾಜಾಂಗಣದ ಜಗತಿಯ ಮೇಲೆ ನಿಂತು 'ಇಲ್ಲಿ ಮೇಲೆ ಏನಿತ್ತು?' ಎಂದು ಕೇಳಲು ಮಗುವಿಗೆ ಅವಕಾಶವಿದೆ. ಇತಿಹಾಸ ಕಲಿಸಬೇಕೆಂದು ಮಕ್ಕಳನ್ನು ಹಂಪಿಗೆ ಒಯ್ಯುವವರು ಇದನ್ನು ಯೋಚಿಸಬೇಕು.

ಇನ್ನು ಹಂಪಿಯ ಒಳ್ಳೆಯದರಲ್ಲಿ ಬಹುಪಾಲು ಅಗ್ಗವೇ. ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ಕಾಸಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ಟಿನಿಂದ ಹದಿನೈದು ತುಂಬದ ಮಕ್ಕಳಿಗೆ ವಿನಾಯಿತಿ. ಹೊಸಪೇಟೆಯ ಒಗ್ಗರಣಿ-ಮಿರ್ಚಿಯ ಸವಿಯನ್ನು ಯಾವ ರೆಸಾರ್ಟಿನ ಬಫೆಯೂ ಕೊಡಲಾರದು. ದರೋಜಿ ಕರಡಿಧಾಮದಲ್ಲಿ ಸಂಜೆ ಬಂಡೆಗಳ ನಡುವಿನಿಂದ ಕರಡಿಗಳು ಇಳಿದುಬರುವುದನ್ನು ವೀಕ್ಷಣಾ ಗೋಪುರದಿಂದ ನೋಡಲು ದುಬಾರಿ ಕೋಣೆ ಹಿಡಿದಿರಬೇಕಿಲ್ಲ. ಇಲ್ಲೆಲ್ಲ ಅಗ್ಗದ ದಾರಿಯೇ ಮೇಲಿನದು.

ನನ್ನ ನಿಜವಾದ ತಕರಾರು ಉಳಿತಾಯದ ಲೆಕ್ಕದ ಮೇಲೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ರಾಜಹಂಸ, ಐರಾವತಗಳಿಗೆ ಅದು ಅನ್ವಯಿಸದು. ಹಾಗಾಗಿ ನೂಕುನುಗ್ಗಲಿನ ಬಸ್ಸಿನಲ್ಲಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಲ್ಲುವ ತಾಯಿಯೇ ಮನೆಯ ಉಳಿತಾಯವಾಗುತ್ತಾಳೆ. ರೈಲಿನಲ್ಲೂ ಅಷ್ಟೇ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ ಟಿಕೆಟ್ಟು, ಬೇಕೆಂದರೆ ಪೂರ್ತಿ. ಅರ್ಧ ತೆಗೆದರೆ ಮಗು ಮಲಗುವುದು ತಾಯಿಯ ಬರ್ತಿನಲ್ಲಿ, ಅವಳು ರಾತ್ರಿಯಿಡೀ ಒಂದೇ ಮಗ್ಗುಲು. ಹೊರಡುವ ಹಿಂದಿನ ದಿನ ಚಪಾತಿ ಲಟ್ಟಿಸಿ, ಅವಲಕ್ಕಿ ಹುರಿದು, ಚಟ್ನಿಪುಡಿ ಕುಟ್ಟಿ ಕಟ್ಟುವವಳೂ ಅವಳೇ. ಹೋಮ್‌ಸ್ಟೇಯ ಬಚ್ಚಲಲ್ಲಿ ಎಲ್ಲರ ಬಟ್ಟೆ ಹಿಂಡುವವಳೂ ಅವಳೇ. ಅವಳ ದುಡಿಮೆಯಿಂದ ಉಳಿದ ಹಣದಲ್ಲಿ ಕೊನೆಯ ರಾತ್ರಿ ಅವಳನ್ನೂ ರೆಸಾರ್ಟಿಗೆ ಕರೆದೊಯ್ದರೆ ಲೆಕ್ಕ ಸರಿಹೋಗುವುದಿಲ್ಲ.

ಹಾಗಾಗಿ ಕೂಡಿಟ್ಟ ದುಡ್ಡಿನಲ್ಲಿ ಮೊದಲು ತೆಗೆಯಬೇಕಾದದ್ದು ಮಗುವಿನ ಪೂರ್ತಿ ಬರ್ತಿಗೆ, ದಿನಕ್ಕೆರಡು ಹೊತ್ತಿನ ಖಾನಾವಳಿ ಊಟಕ್ಕೆ, ಬಟ್ಟೆ ಒಗೆಸುವುದಕ್ಕೆ, ಅಜ್ಜ-ಅಜ್ಜಿಯರಿಗೆ ಇಡೀ ದಿನದ ಆಟೋಕ್ಕೆ. ಆಮೇಲೂ ಉಳಿದರೆ ರೆಸಾರ್ಟು ಹಿಡಿಯಲಿ, ಉಳಿಯದಿದ್ದರೆ ಬಿಡಲಿ.