ನೀರ ನಡುವಿನ ಹಸಿರು: ವಿನ್ಯಾಸವೋ, ಚಮತ್ಕಾರವೋ?

ಗಾಲ್ಫ್ ಆಡದವರ ಕಣ್ಣಿಗೂ ಒಮ್ಮೆಯಾದರೂ ಬಿದ್ದಿರಬಹುದಾದ ಚಿತ್ರವೊಂದಿದೆ. ಸುತ್ತ ನೀರು, ನಡುವೆ ತಟ್ಟೆಯಂತೆ ಹರಡಿದ ಹಸಿರು ಹುಲ್ಲು, ಅದರ ಮೇಲೊಂದು ಬಾವುಟ. ಅಮೆರಿಕದ ಫ್ಲಾರಿಡಾದಲ್ಲಿರುವ ಟಿಪಿಸಿ ಸಾಗ್ರಾಸ್ ಮೈದಾನದ ಹದಿನೇಳನೆಯ ಹೋಲ್ ಅದು. 1980ರಲ್ಲಿ ಮೈದಾನ ತೆರೆದಂದಿನಿಂದ ಅದರ ಬಗ್ಗೆ ಎರಡು ಮಾತು ಕೇಳಿಬರುತ್ತಲೇ ಇವೆ. ಆಧುನಿಕ ಗಾಲ್ಫ್ ವಿನ್ಯಾಸದ ಶಿಖರ ಎನ್ನುವವರು ಒಂದು ಕಡೆ, ಟಿವಿಗಾಗಿ ಕಟ್ಟಿದ ಗಿಮಿಕ್ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅರ್ಧ ಸರಿ. ಉಳಿದರ್ಧವನ್ನು ಹುಡುಕಬೇಕಾದರೆ ಚಿತ್ರದಿಂದ ಸ್ವಲ್ಪ ದೂರ ಸರಿದು, ಆಡುವವನ ಜಾಗದಲ್ಲಿ ನಿಂತು ನೋಡಬೇಕು.

ಹೋಲ್ ಎಂದರೆ ಬರೀ ಕುಳಿಯಲ್ಲ. ಚೆಂಡನ್ನು ಮೊದಲು ಹೊಡೆಯುವ ಟೀಯಿಂದ ಹಿಡಿದು ಕುಳಿಯಿರುವ ನುಣ್ಣನೆಯ ಗ್ರೀನ್‌ವರೆಗಿನ ಇಡೀ ಹಾದಿಗೆ ಆ ಹೆಸರು. ಆ ಹಾದಿಯಲ್ಲಿ ಆಟಗಾರನಿಗೆ ಎಷ್ಟು ಬಗೆಯ ಆಯ್ಕೆಗಳಿವೆ, ಒಂದೊಂದಕ್ಕೂ ಅವನು ತೆರಬೇಕಾದ ಬೆಲೆಯೇನು ಎಂಬುದರ ಮೇಲೆ ವಿನ್ಯಾಸದ ಗುಣ ನಿಂತಿದೆ. ಆಗಸ್ಟಾ ಮೈದಾನವನ್ನು ಬಾಬಿ ಜೋನ್ಸ್ ಜೊತೆ ರೂಪಿಸಿದ ಅಲಿಸ್ಟರ್ ಮೆಕೆಂಜಿಯ ಕೆಲಸದ ತಿರುಳೂ ಇದೇ: ದುರ್ಬಲ ಆಟಗಾರನಿಗೂ ಒಂದು ಸುತ್ತು ದಾರಿ ಇರಬೇಕು, ಬಲ್ಲವನನ್ನು ಕೆಣಕುವ ಒಂದು ನೇರ ದಾರಿಯೂ ಇರಬೇಕು.

ಅದೇ ಆಗಸ್ಟಾದ ಹನ್ನೆರಡನೆಯ ಹೋಲ್ ನೋಡಿ. ಸುಮಾರು 155 ಗಜ ದೂರ, ಗ್ರೀನ್‌ನ ಮುಂದೆ ರೇಸ್ ಕ್ರೀಕ್ ಎಂಬ ತೊರೆ. ಅಲ್ಲೂ ನೀರಿದೆ, ಅಲ್ಲೂ ದೊಡ್ಡ ದೊಡ್ಡವರು ಮುಳುಗಿದ್ದಾರೆ. 2019ರ ಮಾಸ್ಟರ್ಸ್‌ನ ಕೊನೆಯ ದಿನ ಮುಂಚೂಣಿಯಲ್ಲಿದ್ದ ಫ್ರಾನ್ಸೆಸ್ಕೊ ಮೊಲಿನಾರಿಯ ಚೆಂಡು ತೊರೆಗೆ ಜಾರಿತು. ಬಾವುಟ ಬಲಗಡೆಯಿತ್ತು. ಟೈಗರ್ ವುಡ್ಸ್ ಅದರ ಕಡೆ ನೋಡದೆ ಬಂಕರ್‌ನ ಮೇಲಿಂದ ಎಡಕ್ಕೆ, ಗ್ರೀನ್‌ನ ಸುರಕ್ಷಿತ ಭಾಗಕ್ಕೆ ಹೊಡೆದರು; ಕೊನೆಗೆ ಪಂದ್ಯವನ್ನೂ ಗೆದ್ದರು. ಆ ಹೋಲ್ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿತ್ತು. ಉತ್ತರಗಳು ಬೇರೆಯಾದವು, ಏಕೆಂದರೆ ಬೇರೆ ಉತ್ತರಕ್ಕೆ ಅಲ್ಲಿ ಜಾಗವಿತ್ತು.

ದ್ವೀಪದ ಗ್ರೀನ್‌ನಲ್ಲಿ ಆ ಜಾಗವೇ ಇಲ್ಲ. ಮುಂದೆ ನೀರು, ಹಿಂದೆ ನೀರು, ಎಡಬಲಕ್ಕೂ ನೀರು. ನೆಲದ ಮೇಲೆ ಉರುಳಿಸಿಕೊಂಡು ಹೋಗುವಂತಿಲ್ಲ, ಮೊದಲ ಹೊಡೆತವನ್ನು ಎಲ್ಲೋ ಇಳಿಸಿ ಎರಡನೆಯದರಲ್ಲಿ ಸುಧಾರಿಸಿಕೊಳ್ಳುವಂತಿಲ್ಲ. ಮುಟ್ಟು, ಇಲ್ಲವೇ ಮುಳುಗು. 2005ರಲ್ಲಿ ಬಾಬ್ ಟ್ವೇ ಎಂಬ ನುರಿತ ವೃತ್ತಿಪರ ಆಟಗಾರ ಇಲ್ಲಿ ನಾಲ್ಕು ಚೆಂಡುಗಳನ್ನು ನೀರಿಗೆ ಕೊಟ್ಟು, ಮೂರರಲ್ಲಿ ಮುಗಿಸಬೇಕಾದ ಹೋಲನ್ನು ಹನ್ನೆರಡರಲ್ಲಿ ಮುಗಿಸಿದರು. ಎಡವಿದವರು ಮುಂದುವರಿಯಲೆಂದು ಗ್ರೀನ್‌ಗೆ ಹತ್ತಿರದಲ್ಲೇ ಚೆಂಡು ಇಟ್ಟುಕೊಳ್ಳಲು ಒಂದು ಜಾಗವನ್ನು ಗುರುತು ಮಾಡಿಟ್ಟಿದ್ದಾರೆ. ತಾನೇ ಕಟ್ಟಿದ ಗೋಡೆಯಲ್ಲಿ ಕಿಂಡಿ ಕೊರೆದ ಹಾಗೆ. ಹೋಲ್ ತನ್ನ ಕಠಿಣತೆಯನ್ನು ತಾನೇ ನಿಭಾಯಿಸಲಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ಕಾವ್ಯಮೀಮಾಂಸೆಗೆ ಈ ಜಗಳ ಹೊಸದಲ್ಲ. ಅಕ್ಷರಗಳನ್ನು ತಾವರೆಯ, ಕತ್ತಿಯ, ಚಕ್ರದ ಆಕಾರಕ್ಕೆ ಹೊಂದಿಸುವ ಚಿತ್ರಬಂಧಗಳನ್ನು ನೋಡಿ ಬೆರಗಾಗದವರು ಕಡಿಮೆ. ಆದರೂ ಆನಂದವರ್ಧನ ಚಿತ್ರವನ್ನು ಕಾವ್ಯವೆಂದು ಒಪ್ಪದೆ ಕಾವ್ಯದ ಅನುಕರಣೆ ಎಂದ. ಮಮ್ಮಟ ಅದನ್ನು ಅಧಮ ವರ್ಗಕ್ಕೆ ಸೇರಿಸಿದ. ಕಷ್ಟಪಟ್ಟು ಮಾಡಿದ್ದೆಂಬ ಕಾರಣಕ್ಕೆ ಅದು ಒಳ್ಳೆಯದಾಗುವುದಿಲ್ಲ. ಓದುಗನೊಳಗೆ ಏನು ನಡೆಯುತ್ತದೆ ಎಂಬುದೇ ಮುಖ್ಯ. ದ್ವೀಪದ ಗ್ರೀನ್‌ಗೂ ಇದೇ ಒರೆಗಲ್ಲು ಸಾಕು. ನೋಡುವವನ ಬೆರಗನ್ನು ಪಕ್ಕಕ್ಕಿಟ್ಟರೆ, ಆಡುವವನೊಳಗೆ ಉಳಿಯುವುದೇನು?

ಸಾಗ್ರಾಸ್‌ನ ಮಟ್ಟಿಗೆ ಉಳಿಯುವುದು ಸಾಕಷ್ಟಿದೆ. ಮೊದಲನೆಯದು ಅದು ಹುಟ್ಟಿದ ಬಗೆ. ವಿನ್ಯಾಸಕ ಪೀಟ್ ಡೈ ಇಲ್ಲಿ ದ್ವೀಪ ಮಾಡಬೇಕೆಂದು ಹೊರಟವರಲ್ಲ. ಜೌಗು ನೆಲದ ಆ ಜಾಗದಲ್ಲಿ ಒಳ್ಳೆಯ ಮರಳು ಸಿಕ್ಕಿದ್ದು ಹದಿನೇಳರ ಸುತ್ತಮುತ್ತ. ಮೈದಾನದ ಉಳಿದ ಭಾಗಕ್ಕೆಂದು ತೋಡುತ್ತ ತೋಡುತ್ತ ಅಲ್ಲೊಂದು ದೊಡ್ಡ ಹೊಂಡವೇ ಆಯಿತು. ಹೊಂಡಕ್ಕೆ ನೀರು ಬಿಟ್ಟು ಗ್ರೀನನ್ನು ನಡುವೆ ಉಳಿಸಿದರಾಯಿತು ಎಂದು ಸೂಚಿಸಿದವರು ಅವರ ಪತ್ನಿ ಆಲಿಸ್ ಡೈ. ನೆಲದ ಅಗತ್ಯದಿಂದ ಮೂಡಿದ ರೂಪಕ್ಕೂ ನೆಲದ ಮೇಲೆ ಹೇರಿದ ರೂಪಕ್ಕೂ ವ್ಯತ್ಯಾಸವಿದೆ.

ಎರಡನೆಯದು ದೂರ. ವೃತ್ತಿಪರರ ಟೀಯಿಂದಲೂ ಸುಮಾರು 137 ಗಜ ಮಾತ್ರ. ಸ್ವತಃ ಒಳ್ಳೆಯ ಆಟಗಾರ್ತಿಯಾಗಿದ್ದ ಆಲಿಸ್, ಹೆಚ್ಚು ದೂರ ಹೊಡೆಯಲಾಗದ ಹೆಂಗಸರಿಗೆ ಮುಂದಿನ ಟೀಗಳು ಬೇಕೆಂದು ವರ್ಷಗಟ್ಟಲೆ ವಾದಿಸಿದವರು. ಅವರ ದ್ವೀಪ ತೋಳ್ಬಲವನ್ನು ಕೇಳುವುದಿಲ್ಲ. ಇದೇ ಹೊಡೆತವನ್ನು ಹುಲ್ಲುಗಾವಲಿನಲ್ಲಿ ಕೊಟ್ಟರೆ ವೃತ್ತಿಪರ ಆಟಗಾರ ಮಾತಾಡುತ್ತಲೇ ಹೊಡೆದು ಮುಗಿಸುತ್ತಾನೆ. ಸುತ್ತ ನೀರು ಬಂದೊಡನೆ ಕೈ ನಡುಗುತ್ತದೆ. ಗಾಳಿ ಸುಳಿಯತೊಡಗಿದರಂತೂ ಯಾವ ಕ್ಲಬ್ ಎಂಬುದೇ ತೋಚುವುದಿಲ್ಲ.

ಮೂರನೆಯದು ಅದರ ಸ್ಥಾನ. ಹದಿನಾರನೆಯದು ಎರಡೇ ಹೊಡೆತಗಳಲ್ಲಿ ಗ್ರೀನ್ ಮುಟ್ಟಬಹುದಾದ ಪಾರ್ ಐದರ ಹೋಲ್, ಆಸೆ ಹುಟ್ಟಿಸುವಂಥದ್ದು. ಹದಿನೆಂಟರ ಎಡಕ್ಕೆ ಉದ್ದಕ್ಕೂ ಕೆರೆ. ಆಸೆಗೂ ಕೊನೆಯ ಪರೀಕ್ಷೆಗೂ ನಡುವೆ ಈ ಪುಟ್ಟ ಹೊಡೆತ ಕೂತಿದೆ. 2007ರಲ್ಲಿ ಫಿಲ್ ಮಿಕಲ್ಸನ್‌ಗಿಂತ ಎರಡು ಹೊಡೆತ ಹಿಂದಿದ್ದ ಶಾನ್ ಒಹೇರ್ ಇಲ್ಲಿಗೆ ಬಂದಾಗ ಗ್ರೀನ್‌ನ ಮಧ್ಯಕ್ಕೆ ಹೊಡೆದು ಎರಡನೆಯ ಸ್ಥಾನ ಉಳಿಸಿಕೊಳ್ಳಬಹುದಿತ್ತು. ಅವರು ಬಾವುಟಕ್ಕೇ ಗುರಿಯಿಟ್ಟರು. ಎರಡು ಚೆಂಡು ನೀರುಪಾಲಾಗಿ, ಏಳರಲ್ಲಿ ಹೋಲ್ ಮುಗಿಯಿತು. ಅಂದರೆ ಆಯ್ಕೆ ಇಲ್ಲವೇ ಇಲ್ಲ ಎಂದು ಮೇಲೆ ಹೇಳಿದ್ದು ಪೂರ್ತಿ ನಿಜವಲ್ಲ. ಗ್ರೀನ್‌ನ ಒಳಗೇ ಏರಿಳಿತಗಳಿವೆ, ಮುಂದೆ ಬಲಕ್ಕೊಂದು ಪುಟ್ಟ ಬಂಕರ್ ಇದೆ, ಕೊನೆಯ ದಿನದ ಬಾವುಟ ಸಾಮಾನ್ಯವಾಗಿ ಬಲಗಡೆಯೇ ಇರುತ್ತದೆ. ಧೈರ್ಯಕ್ಕೂ ವಿವೇಕಕ್ಕೂ ನಡುವಿನ ಅಂತರ ಇಲ್ಲಿ ಕೆಲವೇ ಗಜ. ಆದರೆ ಅಂತರವಿದೆ.

ಆದರೂ ಈ ಗುಣಗಳೆಲ್ಲ ಒಬ್ಬ ಒಹೇರ್‌ಗೆ, ಒಂದು ಭಾನುವಾರಕ್ಕೆ, ಸುತ್ತ ಕೂತ ಸಾವಿರಾರು ಜನರಿಗೆ ತಗುಲಿಕೊಂಡವು. ಗೆಲ್ಲಬೇಕಾದದ್ದು ಏನೋ ಇರುವಾಗಲೇ ಆ ಕೆಲವು ಗಜಗಳಿಗೆ ಅರ್ಥ. ಮಂಗಳವಾರ ದುಡ್ಡು ಕೊಟ್ಟು ಆಡಲು ಬಂದ ಹವ್ಯಾಸಿಗೆ ಮುಂಚೂಣಿಯೂ ಇಲ್ಲ, ಹಿಂದೆ ಬೀಳುವ ಭಯವೂ ಇಲ್ಲ. ಗ್ರೀನ್‌ನ ಯಾವ ಮೂಲೆಯಾದರೂ ಸರಿ ಎಂಬ ಪ್ರಾರ್ಥನೆಯೊಂದೇ. ಈ ಹೊಂಡದಿಂದ ವರ್ಷಕ್ಕೆ ಸುಮಾರು ಒಂದು ಲಕ್ಷ ಚೆಂಡುಗಳನ್ನು ಎತ್ತುತ್ತಾರೆಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ಇಂಥವರವು. ಅವರು ಮನೆಗೆ ಒಯ್ಯುವುದು ಒಂದು ಫೋಟೊ ಮತ್ತು ಒಂದು ಕಥೆ. ಅದು ಸಣ್ಣ ಸುಖವೇನಲ್ಲ. ಆದರೆ ಮೈದಾನಕ್ಕೂ ಆಟಗಾರನಿಗೂ ನಡುವೆ ನಡೆಯಬೇಕಾದ ಮಾತುಕತೆಯೂ ಅಲ್ಲ.

ನಕಲುಗಳಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಡೈ ಅವರೇ 1986ರಲ್ಲಿ ಕ್ಯಾಲಿಫೋರ್ನಿಯಾದ ಪಿಜಿಎ ವೆಸ್ಟ್‌ನಲ್ಲಿ ಇನ್ನೊಂದು ದ್ವೀಪ ಕಟ್ಟಿದರು. ಅದೂ ಹದಿನೇಳನೆಯದೇ, ಜೈಲಿನ ದ್ವೀಪದ ನೆನಪಿಗೆ ಅಲ್ಕಟ್ರಾಜ್ ಎಂಬ ಹೆಸರು. ಐಡಹೊ ರಾಜ್ಯದ ಕೋರ್ ಡಲೇನ್‌ನಲ್ಲಿ 1991ರಲ್ಲಿ ತೆರೆದ ಮೈದಾನದಲ್ಲಂತೂ ಹದಿನಾಲ್ಕನೆಯ ಗ್ರೀನ್ ಸರೋವರದ ಮೇಲೆ ತೇಲುತ್ತದೆ. ಅದನ್ನು ಹಿಂದೆ ಮುಂದೆ ಸರಿಸಿ ದೂರ ಬದಲಿಸುತ್ತಾರೆ, ಆಟಗಾರರು ದೋಣಿಯಲ್ಲಿ ಹೋಗಿ ಪಟ್ ಮಾಡುತ್ತಾರೆ. ದೋಣಿ ಹತ್ತುವ ಖುಷಿ ಯಾರಿಗಿರುವುದಿಲ್ಲ? ಆದರೆ ಆ ಖುಷಿ ಜಾತ್ರೆಯ ತೊಟ್ಟಿಲಿನದು. ಸಾಗ್ರಾಸ್‌ನಿಂದ ಇವರು ನೀರನ್ನು ತಂದರು. ಮರಳಿನ ಅಗತ್ಯವನ್ನಾಗಲಿ, ಹದಿನಾರರಿಂದ ಹದಿನೆಂಟರವರೆಗಿನ ಓಟವನ್ನಾಗಲಿ ತರಲು ಬರುವುದಿಲ್ಲ.

ಹಾಗಾಗಿ ತೀರ್ಪನ್ನು ಎರಡಾಗಿ ಕೊಡಬೇಕು. ಸಾಗ್ರಾಸ್‌ನ ಹದಿನೇಳು ನಾಟಕದ ಒಂದು ಶ್ರೇಷ್ಠ ದೃಶ್ಯ. ಮೊದಲಿನ ಅಂಕಗಳನ್ನು ಕಿತ್ತುಹಾಕಿದರೆ ಸಾಧಾರಣ ಹೋಲ್. ದ್ವೀಪದ ಗ್ರೀನ್ ಎಂಬ ಉಪಾಯ ಮಾತ್ರ, ಎಲ್ಲಿ ಬೇಕಾದರೂ ನೆಡಬಹುದಾದ ಸಸಿಯೆಂಬಂತೆ ಬಳಸಿದಾಗ, ಗಿಮಿಕ್ಕೇ. ಹೊಸದೊಂದು ದ್ವೀಪದ ನಕ್ಷೆ ಮುಂದಿಟ್ಟ ವಿನ್ಯಾಸಕನನ್ನು ಕೇಳಬೇಕಾದದ್ದು ಇಷ್ಟೇ: ಕ್ಯಾಮೆರಾ ಹೋದ ಮೇಲೆ, ಜನ ಎದ್ದ ಮೇಲೆ, ಇಲ್ಲಿ ಒಬ್ಬನೇ ನಿಂತವನಿಗೆ ಯೋಚಿಸಲು ಏನಾದರೂ ಉಳಿದಿರುತ್ತದೆಯೇ?