ಡೀಕನ್ ಫಿಲಿಪ್ಪ ಮತ್ತು ಅವನಿಗೆ ಬಡ್ತಿ ನೀಡಿದ ಐತಿಹ್ಯ

ಸಂತ ಫಿಲಿಪ್ಪನ ಐತಿಹ್ಯಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಅವುಗಳಲ್ಲಿನ ಪವಾಡಗಳ ಮೇಲೆಯೇ ಕಣ್ಣಿಡುತ್ತಾರೆ. ನಾಲ್ಕನೆಯ ಶತಮಾನದ 'ಫಿಲಿಪ್ಪನ ಕಾರ್ಯಗಳು' ಎಂಬ ಗ್ರೀಕ್ ಕೃತಿಯಲ್ಲಿ ಚಿರತೆಯೂ ಮೇಕೆಮರಿಯೂ ಮನುಷ್ಯರಂತೆ ಮಾತನಾಡಿ ಪರಮಪ್ರಸಾದವನ್ನು ಬೇಡುತ್ತವೆ. ಇದನ್ನು ನಕ್ಕು ಬದಿಗಿಡುವುದು ಸುಲಭ. ನಮ್ಮ ಆಕ್ಷೇಪವಾದರೋ ಚಿರತೆಯ ಮೇಲಲ್ಲ, ಐತಿಹ್ಯವು ಫಿಲಿಪ್ಪನಿಗೆ ಕೊಟ್ಟ ಬಡ್ತಿಯ ಮೇಲೆ.

ಲೂಕನು ಹೇಳುವುದೇನು? ಗ್ರೀಕ್ ಭಾಷಿಕ ವಿಧವೆಯರ ದೈನಂದಿನ ಹಂಚಿಕೆಗಾಗಿ ಆರಿಸಲ್ಪಟ್ಟ ಏಳು ಜನರಲ್ಲಿ ಫಿಲಿಪ್ಪನದು ಸ್ತೇಫನನ ನಂತರದ ಹೆಸರು. ಆ ಏಳು ಜನರನ್ನು ಲೂಕನು 'ಡೀಕನ್' ಎಂದು ಕರೆಯುವುದಿಲ್ಲ. 'ಸೇವೆ' ಎಂಬ ಪದವನ್ನಷ್ಟೇ ಬಳಸುತ್ತಾನೆ. ಪದವಿಯ ಹೆಸರನ್ನು ಅವರಿಗೆ ಅನ್ವಯಿಸಿದವರು ಎರಡನೆಯ ಶತಮಾನದ ಐರೇನಿಯಸ್ ಮೊದಲಾದವರು. ಹಿಂಸೆಯಿಂದ ಸಭೆ ಚದುರಿದಾಗ ಪ್ರೇಷಿತರು ಜೆರುಸಲೇಮಿನಲ್ಲೇ ಉಳಿದರೆಂದು ಎಂಟನೆಯ ಅಧ್ಯಾಯದ ಮೊದಲ ವಚನ ಸ್ಪಷ್ಟಪಡಿಸುತ್ತದೆ. ಹಾಗಾದರೆ ಸಮಾರಿಯಕ್ಕೆ ಹೋದವನು ಹನ್ನೆರಡು ಮಂದಿಯಲ್ಲಿ ಒಬ್ಬನಾದ ಫಿಲಿಪ್ಪನಲ್ಲ.

ಮುಂದಿನದು ಇನ್ನೂ ಗಮನಾರ್ಹ. ಸಮಾರಿಯದಲ್ಲಿ ಸಾರಿದವನೂ ದೀಕ್ಷಾಸ್ನಾನವಿತ್ತವನೂ ಫಿಲಿಪ್ಪನೇ. ಆದರೆ ಪೇತ್ರ, ಯೊವಾನ್ನರು ಬಂದು ಕೈಯಿರಿಸಿದ ಮೇಲೆಯೇ ಅಲ್ಲಿನವರು ಪವಿತ್ರಾತ್ಮರನ್ನು ಪಡೆಯುತ್ತಾರೆ. ಆ ಕ್ಷಣದಲ್ಲಿ ಫಿಲಿಪ್ಪನು ಏನು ಹೇಳಿದನೆಂಬ ಒಂದು ಮಾತೂ ಲೂಕನಲ್ಲಿಲ್ಲ. ಮತ್ತೆ ನಾವು ಅವನನ್ನು ಕಾಣುವುದು ಗಾಜಾದ ನಿರ್ಜನ ದಾರಿಯಲ್ಲಿ. ಒಂದು ಪಟ್ಟಣವಿಡೀ ಕಿವಿಗೊಟ್ಟಿದ್ದ ಬೋಧಕನು ಈಗ ಒಬ್ಬನೇ ಒಬ್ಬ ಪ್ರಯಾಣಿಕನಿಗಾಗಿ ರಥದ ಪಕ್ಕದಲ್ಲಿ ಓಡುತ್ತಾನೆ. ಆ ಇಥಿಯೋಪಿಯದ ಕಂಚುಕಿ ನೀರಿನಿಂದ ಮೇಲೆ ಬರುವಷ್ಟರಲ್ಲಿ ಗುರುವೇ ಕಣ್ಮರೆ. (ಕಂಚುಕಿಯ ವಿಶ್ವಾಸ ನಿವೇದನೆಯಿರುವ 37ನೆಯ ವಚನ ಅತಿ ಪ್ರಾಚೀನ ಹಸ್ತಪ್ರತಿಗಳಲ್ಲಿಲ್ಲ. ಫಿಲಿಪ್ಪನು ಏನನ್ನೂ ಕೇಳದೆ ದೀಕ್ಷಾಸ್ನಾನ ಕೊಟ್ಟನೆಂಬುದು ನಕಲುಗಾರರಿಗೂ ಸಹಿಸಲಾಗಲಿಲ್ಲವೇನೋ!) ಸುಮಾರು ಎರಡು ದಶಕಗಳ ನಂತರ ಸೆಜರೇಯದಲ್ಲಿ ಪೌಲನು ತಂಗುವ ಮನೆ ಇವನದು. ಅಲ್ಲಿ ಪ್ರವಾದಿಸುವ ನಾಲ್ವರು ಕನ್ಯೆಯರಾದ ಪುತ್ರಿಯರಿದ್ದಾರೆ. ಇವನಿಗೆ 'ಶುಭಸಂದೇಶ ಪ್ರಚಾರಕ' ಎಂಬ ಹೆಸರಿದೆ. ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುವ ಈ ಪದವನ್ನು ಬಿರುದಾಗಿ ಹೊತ್ತವನು ಇವನೊಬ್ಬನೇ.

ಇಂಥ ಬದುಕು ಏಷ್ಯಾ ಪ್ರಾಂತ್ಯದ ಸಭೆಗಳಿಗೆ ಸಾಲದಾಯಿತು. ಎರಡನೆಯ ಶತಮಾನದ ಕೊನೆಗೆ ಎಫೆಸದ ಪೊಲಿಕ್ರಾತಿಸನು ಪಾಸ್ಖ ಹಬ್ಬದ ದಿನಾಂಕದ ವಿವಾದದಲ್ಲಿ ರೋಮಿನ ವಿಕ್ಟರನಿಗೆ ಬರೆದ ಪತ್ರದಲ್ಲಿ, ಹನ್ನೆರಡು ಮಂದಿಯಲ್ಲೊಬ್ಬನಾದ ಫಿಲಿಪ್ಪನು ಹಿಯೆರಾಪೊಲಿಸ್‌ನಲ್ಲಿ ನಿದ್ರಿಸುತ್ತಿದ್ದಾನೆ ಎನ್ನುತ್ತಾನೆ. ಅವನು ಹೆಸರಿಸುವ ಪುತ್ರಿಯರು ಮೂವರು. ಮೊಂತಾನನ ಪಂಥದ ಪ್ರೊಕ್ಲಸನಾದರೋ ಅದೇ ಊರಿನಲ್ಲಿ ನಾಲ್ವರು ಪ್ರವಾದಿನಿಯರ ಮತ್ತು ಅವರ ತಂದೆಯ ಸಮಾಧಿಯಿದೆ ಎನ್ನುತ್ತಾನೆ. ಯೂಸೇಬಿಯಸನು ತನ್ನ ಸಭಾ ಚರಿತ್ರೆಯ ಮೂರನೆಯ ಪುಸ್ತಕದಲ್ಲಿ ಇಬ್ಬರ ಮಾತನ್ನೂ ಒಂದೇ ಕಡೆ ಉಲ್ಲೇಖಿಸಿ, ಜೊತೆಗೆ ಸೆಜರೇಯದ ಮನೆಯ ಪ್ರಸಂಗವನ್ನೂ ಸೇರಿಸಿ, ಭಿನ್ನತೆಯನ್ನು ಗಮನಿಸದವನಂತೆ ಮುಂದೆ ಸಾಗುತ್ತಾನೆ. ಒಬ್ಬನಿಗೆ ತನ್ನ ಪಾಸ್ಖ ಸಂಪ್ರದಾಯಕ್ಕೆ ಪ್ರೇಷಿತನ ಸಾಕ್ಷಿ ಬೇಕಿತ್ತು; ಇನ್ನೊಬ್ಬನಿಗೆ ತನ್ನ ಪಂಥದ ಸ್ತ್ರೀ ಪ್ರವಾದನೆಗೆ ಪೂರ್ವಜೆಯರು ಬೇಕಿದ್ದರು. ಬೇಡಿಕೆಯೇ ಸಮಾಧಿಗೆ ಹೆಸರು ಕೊಟ್ಟಿತೆಂದು ನಾವು ಹೇಳುತ್ತಿಲ್ಲ. ಹಿಯೆರಾಪೊಲಿಸ್‌ನ ಧರ್ಮಾಧ್ಯಕ್ಷ ಪಾಪಿಯಾಸನು ಫಿಲಿಪ್ಪನ ಪುತ್ರಿಯರಿಂದಲೇ ಕಥೆ ಕೇಳಿದ್ದನಾದ್ದರಿಂದ ಆ ಊರಿನ ಸಂಬಂಧಕ್ಕೆ ಆಧಾರವಿದೆ. ಆದರೆ ಇಬ್ಬರು ಫಿಲಿಪ್ಪರು ಒಬ್ಬನಾಗಿ ಬೆಸೆದುಕೊಂಡಾಗ ಪ್ರೇಷಿತನೇ ಉಳಿದದ್ದು, ಡೀಕನ್ ಕರಗಿದ್ದು ಆಕಸ್ಮಿಕವಲ್ಲ. ಡೀಕನನನ್ನು ಬೇರೆಯಾಗಿಯೇ ನೆನೆದ ಬಿಜಾಂಟಿಯನ್ ಪರಂಪರೆಯೂ ಅವನನ್ನು ಹಾಗೆಯೇ ಬಿಡಲಿಲ್ಲ. ತ್ರಾಲ್ಲೆಸ್‌ನ ಧರ್ಮಾಧ್ಯಕ್ಷನನ್ನಾಗಿ ಮಾಡಿತು.

ಈ ಬಡ್ತಿಯ ಮನಸ್ಸು ನಮ್ಮ ಗುರುಮಠಗಳಿಗೆ ಅಪರಿಚಿತವೇ? ಡೀಕನ್ ದೀಕ್ಷೆಯನ್ನು ನಾವು ಗುರುಪಟ್ಟದ ಮುಂಚಿನ ಕೆಲವು ತಿಂಗಳ ತಂಗುದಾಣವೆಂದೇ ಎಣಿಸುತ್ತೇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಅದನ್ನು ಸ್ಥಿರವಾದ ಪ್ರತ್ಯೇಕ ಶ್ರೇಣಿಯಾಗಿ ಪುನಃ ಸ್ಥಾಪಿಸಬಹುದೆಂದ ಮೇಲೂ, ಅಲ್ಲಿಯೇ ನಿಲ್ಲಬಹುದಾದ ಸೇವೆ ಅದೆಂದು ಭಾವಿಸಲು ನಾವು ಹಿಂಜರಿಯುತ್ತೇವೆ.

ಐತಿಹ್ಯಕ್ಕೆ ನ್ಯಾಯ ಸಲ್ಲಿಸಲೇಬೇಕಾದ ಒಂದು ಸ್ಥಳವುಂಟು. ಅದೇ 'ಫಿಲಿಪ್ಪನ ಕಾರ್ಯಗಳು' ಕೃತಿಯ ಕೊನೆಯಲ್ಲಿ, ತಲೆಕೆಳಗಾಗಿ ನೇತುಹಾಕಲ್ಪಟ್ಟ ಫಿಲಿಪ್ಪನು ಕೋಪದಿಂದ ಊರಿನವರನ್ನು ಶಪಿಸುತ್ತಾನೆ; ಭೂಮಿ ಅವರನ್ನು ನುಂಗುತ್ತದೆ. ಆಗ ಪ್ರಭು ಪ್ರತ್ಯಕ್ಷರಾಗಿ, ಕೇಡಿಗೆ ಕೇಡು ಮಾಡಿದ ಶಿಷ್ಯನನ್ನು ಗದರಿಸಿ, ಸ್ವರ್ಗದ ಬಾಗಿಲಲ್ಲಿ ಅವನನ್ನು 40 ದಿನ ತಡೆಯುತ್ತಾರೆ. ಅಷ್ಟೆಲ್ಲ ಪವಾಡಗಳನ್ನು ಪೋಣಿಸಿದ ಅನಾಮಿಕ ಕಥೆಗಾರನು ತನ್ನ ನಾಯಕನನ್ನು ಇಲ್ಲಿ ಕೆಳಗಿಳಿಸಲು ಅಂಜಲಿಲ್ಲ. ಪ್ರಬೋಧನೆಗೆ ಐತಿಹ್ಯ ಬೇಕೇ ಬೇಕೆನ್ನುವವರು ಈ ಪುಟದಿಂದ ಆರಂಭಿಸಲಿ.

ಪ್ಯಾಲೆಸ್ತೀನಿನಲ್ಲಿ ಮಾತ್ರ ಸ್ಮರಣೆ ಬೇರೆ ದಾರಿ ಹಿಡಿಯಿತು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಪೌಲಾ ಎಂಬ ರೋಮಿನ ವಿಧವೆ ಯಾತ್ರೆಗೆ ಬಂದಾಗ ಸೆಜರೇಯದಲ್ಲಿ ಏನನ್ನು ಕಂಡಳೆಂದು ಜೆರೋಮನು ಬರೆದಿಟ್ಟಿದ್ದಾನೆ. ಫಿಲಿಪ್ಪನ ಹೆಸರಿನಲ್ಲಿ ಅವಳಿಗೆ ಅಲ್ಲಿ ಕಾಣಿಸಿದ್ದು ಸಮಾಧಿಯಲ್ಲ. ಒಂದು ಮನೆ ಮತ್ತು ನಾಲ್ವರು ಹೆಣ್ಣುಮಕ್ಕಳ ಕೋಣೆಗಳು.