ಮೊದಲ ವಾರದ ಬರಹ: ವಿಲಿಯಂ ಆರ್ಥರ್ ಮತ್ತು ಅಬ್ಬೆ ದ್ಯುಬುವಾ ಅವರನ್ನು ಓದುತ್ತಾ

ಧರ್ಮಪ್ರಚಾರ ಸಾಹಿತ್ಯದಲ್ಲಿ ಒಂದು ಬಗೆಯ ಬರಹಕ್ಕೆ ಪ್ರತ್ಯೇಕ ಹೆಸರಿಲ್ಲ. ಆದರೆ ಅದನ್ನು ಓದದವರು ನಮ್ಮಲ್ಲಿ ವಿರಳ. ಪರದೇಶಕ್ಕೆ ಕಳುಹಿಸಲ್ಪಟ್ಟ ಯುವ ಧರ್ಮಪ್ರಚಾರಕನು ಅಲ್ಲಿನ ತನ್ನ ಮೊದಲ ಕೆಲವು ದಿನಗಳನ್ನು ತನ್ನವರಿಗೆ ತಿಳಿಸುವ ಬರಹವದು. ಅದರಲ್ಲಿ ಪ್ರಯಾಣದ ದಣಿವಿರುತ್ತದೆ, ಪರಿಚಯವಿಲ್ಲದ ಊಟವಿರುತ್ತದೆ, ಅರ್ಥವಾಗದ ಮಾತಿರುತ್ತದೆ, ಕೊನೆಯಲ್ಲಿ ದೇವರ ಕೃಪೆಯ ಸ್ಮರಣೆ ಇರುತ್ತದೆ. ಭಕ್ತಿಯ ಬರಹವೆಂಬ ಕಾರಣಕ್ಕೆ ಇದನ್ನು ವಿಮರ್ಶೆಯ ಹೊರಗಿಡುವುದು ವಾಡಿಕೆ. ಈ ವಾಡಿಕೆಯನ್ನು ನಾವು ಒಪ್ಪುವುದಿಲ್ಲ. ಒಂದು ಜನಾಂಗದ ಬಗ್ಗೆ ದೂರದ ಓದುಗರಲ್ಲಿ ಮೊದಲು ಮೂಡುವ ಚಿತ್ರ ಅನೇಕ ವೇಳೆ ಇಂಥ ಬರಹದಿಂದಲೇ ಮೂಡುತ್ತದೆ. ಮೊದಲು ಮೂಡಿದ ಚಿತ್ರ ಬೇಗ ಅಳಿಯುವುದಿಲ್ಲ.

ನಮ್ಮ ಸೀಮೆಗೇ ಸಂಬಂಧಿಸಿದ ಎರಡು ಪುಸ್ತಕಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಮೊದಲನೆಯದು ವೆಸ್ಲಿಯನ್ ಧರ್ಮಪ್ರಚಾರಕ ವಿಲಿಯಂ ಆರ್ಥರ್ ಅವರದು. ಐರ್ಲೆಂಡಿನಲ್ಲಿ ಹುಟ್ಟಿದ ಇವರು 1839ರಲ್ಲಿ, ಸುಮಾರು ಇಪ್ಪತ್ತರ ಹರೆಯದಲ್ಲಿ, ಮದರಾಸಿನಲ್ಲಿ ಬಂದಿಳಿದು ಮೈಸೂರು ಸಂಸ್ಥಾನದ ಗುಬ್ಬಿಗೆ ಹೋದರು. ಆರೋಗ್ಯ ಕೆಟ್ಟುದರಿಂದ 1841ರಲ್ಲಿ ಹಿಂದಿರುಗಬೇಕಾಯಿತು. 1847ರಲ್ಲಿ ಅವರ ‘ಎ ಮಿಷನ್ ಟು ದಿ ಮೈಸೂರ್’ ಲಂಡನ್ನಿನಲ್ಲಿ ಪ್ರಕಟವಾಯಿತು. ಹೊಸಬನ ಕಣ್ಣಿನ ಚುರುಕು ಈ ಪುಸ್ತಕದ ನಿಜವಾದ ಗುಣ. ವರ್ಷಗಟ್ಟಲೆ ಇದ್ದವನು ಗಮನಿಸದೆ ದಾಟಿಹೋಗುವ ಸಂಗತಿಗಳು ಹೊಸಬನಿಗೆ ಕಾಣುತ್ತವೆ. ಕಡಲ ಯಾನ, ಮದರಾಸಿನ ದಡ, ಅಲ್ಲಿಂದ ಮೈಸೂರು ಸೀಮೆಯ ದಾರಿ ಇವೆಲ್ಲವನ್ನೂ ಓದುಗನು ಅವರೊಂದಿಗೆ ನಡೆದು ನೋಡುತ್ತಾನೆ. ಈ ಗುಣವನ್ನು ಹಗುರವಾಗಿ ಕಾಣಬಾರದು.

ಆದರೆ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಒಂದು, ಪುಸ್ತಕದ ಉಪಶೀರ್ಷಿಕೆಯೇ ಭಾರತ, ಅದರ ಜನ ಮತ್ತು ಅದರ ಧರ್ಮವನ್ನು ವಿವರಿಸುವ ದೃಶ್ಯಗಳನ್ನೂ ಸತ್ಯಾಂಶಗಳನ್ನೂ ಕೊಡುವುದಾಗಿ ಹೇಳುತ್ತದೆ. ಎರಡು ವರ್ಷಗಳಷ್ಟು ಕಾಲ, ಮುಖ್ಯವಾಗಿ ಒಂದು ಪೇಟೆಯಲ್ಲಿ ನಿಂತು ಕಂಡದ್ದು ಒಂದು ಉಪಖಂಡಕ್ಕೆ ಸಾಕ್ಷಿಯಾಗುತ್ತದೆ. ಗುಬ್ಬಿಯಲ್ಲಿ ಕಂಡದ್ದನ್ನು ಗುಬ್ಬಿಯದೆಂದು ಹೇಳಿದ್ದರೆ ಬೆಲೆ ಕಡಿಮೆಯಾಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ಎರಡು, ಹಿಂದಿರುಗಿ ಆರು ವರ್ಷಗಳಾದ ಮೇಲೆ, ಧರ್ಮಪ್ರಚಾರ ಕಾರ್ಯಕ್ಕೆ ಬೆಂಬಲ ಬೇಕಾಗಿದ್ದ ಓದುಗರ ಮುಂದೆ ಈ ಪುಸ್ತಕ ಬಂದಿತು. ಮೊದಲ ದಿನಗಳ ಬರಹಗಳು ಮೊದಲ ದಿನಗಳಲ್ಲೇ ಬರೆದವು ಎಂದು ನಾವು ಭಾವಿಸುತ್ತೇವೆ. ಬಹಳಷ್ಟು ಸಲ ಅವು ನಂತರ ತಿಳಿದ ನಿರ್ಣಯದ ಬೆಳಕಿನಲ್ಲಿ ಜೋಡಿಸಿದ ನೆನಪುಗಳು. ಹೊಸಬನ ಬೆರಗು ಉಳಿದಿರುತ್ತದೆ. ಹೊಸಬನ ಅನಿಶ್ಚಯ ಅಳಿಸಿಹೋಗಿರುತ್ತದೆ. ಇದೇ ಆರ್ಥರ್ ಅವರು 1856ರಲ್ಲಿ ‘ದಿ ಟಂಗ್ ಆಫ್ ಫೈರ್’ ಎಂಬ ಪುಸ್ತಕವನ್ನು ಬರೆದು ಪಂಚಾಶತ್ತಮ ದಿನದ ಪವಿತ್ರಾತ್ಮರ ವರವನ್ನು ಕುರಿತು ಹೆಸರಾದರು. ಆ ದಿನ ಯೆರೂಸಲೇಮಿನಲ್ಲಿ ಸೇರಿದ್ದ ಪರದೇಶೀಯರು ತಂತಮ್ಮ ನುಡಿಯಲ್ಲೇ ದೇವರ ಮಹತ್ಕಾರ್ಯಗಳನ್ನು ಕೇಳಿದರೆಂಬುದನ್ನು ಅವರ ಮೊದಲ ಪುಸ್ತಕದ ಪಕ್ಕದಲ್ಲಿಟ್ಟು ಓದುವುದು ನಮ್ಮ ವಿದ್ಯಾರ್ಥಿಗಳಿಗೆ ಉಪಯುಕ್ತ.

ಎರಡನೆಯದು ಅಬ್ಬೆ ದ್ಯುಬುವಾ ಅವರ ಪ್ರಸಿದ್ಧ ಗ್ರಂಥ. ಪ್ಯಾರಿಸ್ ಪರದೇಶ ಧರ್ಮಪ್ರಚಾರ ಸಂಘದ ಈ ಗುರುಗಳು 1792ರಲ್ಲಿ, ಅಭಿಷೇಕ ಪಡೆದ ವರ್ಷವೇ, ಫ್ರಾನ್ಸನ್ನು ಬಿಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದು, 1823ರಲ್ಲಿ ಭಾರತವನ್ನು ಬಿಟ್ಟುಹೋಗುವ ತನಕ ದುಡಿದರು. ಈ ನಾಡಿನ ಉಡುಪು ಮತ್ತು ಆಹಾರವನ್ನು ತಮ್ಮದಾಗಿಸಿಕೊಂಡರು. ಆರ್ಥರ್ ಅವರಲ್ಲಿ ತುಂಬಿ ಹರಿಯುವ ಮೊದಲ ದಿನಗಳು ದ್ಯುಬುವಾ ಅವರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ತಾನು ಹೇಗೆ ಬಂದೆ, ಏನು ತಪ್ಪಾಗಿ ತಿಳಿದೆ, ಯಾರಿಂದ ಕಲಿತೆ ಎಂಬುದನ್ನು ಗ್ರಂಥ ಹೇಳುವುದಿಲ್ಲ. ದೀರ್ಘವಾಸದ ಅಧಿಕಾರದಿಂದ ಆಚಾರ, ಸಂಸ್ಕಾರ, ಜಾತಿಗಳನ್ನು ವಿಂಗಡಿಸಿ ಇಡುತ್ತದೆ.

ದೀರ್ಘವಾಸವೇ ಸತ್ಯಕ್ಕೆ ಭರವಸೆಯೆಂದು ತೀರ್ಮಾನಿಸುವ ಮುನ್ನ ವಿದ್ವಾಂಸರು ಕಂಡುಕೊಂಡ ಸಂಗತಿಯೊಂದನ್ನು ಗಮನಿಸಬೇಕು. ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದ್ಯುಬುವಾ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಗುರು ಕೂರ್ದು ಅವರ ಹಳೆಯ ಹಸ್ತಪ್ರತಿಯೇ ಆಧಾರವೆಂದು ತೋರಿಸಿದರು. ಕೂರ್ದು ದುಡಿದದ್ದು ತೆಲುಗು ಸೀಮೆ ಮತ್ತು ಪುದುಚೇರಿಗಳಲ್ಲಿ. ಹಾಗಾದರೆ ಮೈಸೂರಿನ ಅನುಭವವೆಂದು ನಾವು ಓದುತ್ತಾ ಬಂದುದರಲ್ಲಿ ಎಷ್ಟೋ ಪುಟಗಳು ಬೇರೊಂದು ಸೀಮೆಯಲ್ಲಿ, ಬೇರೊಬ್ಬರು, ಬೇರೊಂದು ತಲೆಮಾರಿನಲ್ಲಿ ಕಂಡವು. ಆರ್ಥರ್ ಅವರು ತಮ್ಮ ಅಲ್ಪಕಾಲದ ನೋಟವನ್ನು ದೇಶವ್ಯಾಪಿಯಾಗಿಸಿದರೆ, ದ್ಯುಬುವಾ ಅವರು ಇನ್ನೊಬ್ಬರ ನೋಟವನ್ನು ತಮ್ಮ ದೀರ್ಘವಾಸದ ಮುದ್ರೆಯೊತ್ತಿ ಕೊಟ್ಟರು. ಎರಡೂ ಕಡೆ ಕೊರತೆ ಒಂದೇ: ಕಂಡವರು ಯಾರು, ಎಲ್ಲಿ ನಿಂತು ಕಂಡರು ಎಂಬುದನ್ನು ಓದುಗನಿಂದ ಮರೆಮಾಡಲಾಗಿದೆ.

ಈ ಗ್ರಂಥದ ಪ್ರಕಟಣೆಯ ಕಥೆಯೂ ಪಾಠವಾಗಿದೆ. ಕಂಪನಿ ಸರ್ಕಾರ 1807ರಲ್ಲಿ ಹಸ್ತಪ್ರತಿಯನ್ನು ಕೊಂಡುಕೊಂಡಿತು. ಮುಂದೆ ದ್ಯುಬುವಾ ಅವರು ಅದನ್ನು ಮರಳಿ ತರಿಸಿಕೊಂಡು ಹೇರಳವಾಗಿ ತಿದ್ದಿದರು. ಆದರೆ 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂದದ್ದು ತಿದ್ದದ ಪ್ರತಿ. ತಿದ್ದಿದ ಪಠ್ಯ ಫ್ರೆಂಚಿನಲ್ಲಿ 1825ರಲ್ಲಿಯೂ ಬೋಚಾಂಪ್ ಅವರ ಇಂಗ್ಲಿಷ್ ಅನುವಾದದಲ್ಲಿ 1897ರಲ್ಲಿಯೂ ಬೆಳಕು ಕಂಡಿತು. ಲೇಖಕನು ಸ್ವತಃ ಕೈಬಿಟ್ಟ ಮಾತುಗಳನ್ನು ಇಂಗ್ಲಿಷ್ ಓದುಗರು ಎಂಬತ್ತು ವರ್ಷಗಳ ಕಾಲ ಅವನ ಮಾತೆಂದೇ ಓದಿದರು. ಅವಸರದಲ್ಲಿ ಕೈಬಿಟ್ಟುಹೋದ ಬರಹವನ್ನು ಹಿಂದಕ್ಕೆ ಕರೆಯುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೂ ದ್ಯುಬುವಾ ಅವರನ್ನು ಪುಸ್ತಕದಿಂದ ಮಾತ್ರ ಅಳೆಯುವುದು ಅನ್ಯಾಯ. 1803–04ರಲ್ಲಿ ಅವರು ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದವರ ಸಂಖ್ಯೆ 25,432 ಎಂದು ದಾಖಲೆಯಿದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಕಟ್ಟಿದರು. ಗಂಜಾಂನ ದೇವಾಲಯವನ್ನು ಜನ ಇಂದಿಗೂ ಅವರ ಹೆಸರಿನಿಂದ ಗುರುತಿಸುತ್ತಾರೆ. ಭಾರತೀಯರ ಮನಃಪರಿವರ್ತನೆಯ ಬಗ್ಗೆ 1823ರ ಪತ್ರಗಳಲ್ಲಿ ನಿರಾಶೆಯ ತೀರ್ಪು ಕೊಟ್ಟ ವ್ಯಕ್ತಿಯೇ ಈ ಸೇವೆಯನ್ನೂ ಮಾಡಿದರು. ಬರಹದಲ್ಲಿ ಜನರು ಅಧ್ಯಯನದ ವಸ್ತು. ಸೇವೆಯಲ್ಲಿ ಜನರು ನೆರೆಯವರು. ನಮ್ಮ ದೃಷ್ಟಿಯಲ್ಲಿ ಅವರ ಬದುಕು ಅವರ ಪುಸ್ತಕಕ್ಕಿಂತ ಉತ್ತಮವಾದ ದೈವಶಾಸ್ತ್ರ.

ಪ್ರೇಷಿತರ ಕಾರ್ಯಕಲಾಪಗಳ 14ನೆಯ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. ಲುಸ್ತ್ರದಲ್ಲಿ ಕುಂಟನೊಬ್ಬ ಗುಣಹೊಂದಿದಾಗ ಜನ ತಮ್ಮ ಲುಕವೋನಿಯ ಭಾಷೆಯಲ್ಲಿ ಕೂಗಿ, ಪೌಲ ಬಾರ್ನಬರನ್ನು ದೇವತೆಗಳೆಂದು ಸಾರುತ್ತಾರೆ. ಎತ್ತುಗಳೂ ಹೂಮಾಲೆಗಳೂ ಬರುವ ತನಕ ಪ್ರೇಷಿತರು ತಡೆಯಲು ಮುಂದಾಗುವುದಿಲ್ಲ. ಜನರ ಕೂಗು ಅವರಿಗೆ ಅರ್ಥವಾಗಿರಲಿಲ್ಲವೆಂದೇ ತೋರುತ್ತದೆ. ಪರನಾಡಿನ ಮೊದಲ ದಿನಗಳ ಅಪಾಯವನ್ನು ಸಂತ ಲೂಕನು ಇಲ್ಲಿ ಮರೆಮಾಚದೆ ಬರೆದಿದ್ದಾನೆ. ಭಾಷೆ ಬಾರದವನು ತನಗೆ ಸಿಕ್ಕಿದ ಗೌರವವನ್ನು ತನ್ನ ಸಂದೇಶದ ಗೆಲುವೆಂದು ಭ್ರಮಿಸಬಲ್ಲ. ಅದೇ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಪ್ರಭು ತಮ್ಮ ಶಿಷ್ಯರಿಗೆ ಕೊಡುವ ಅಪ್ಪಣೆಗಳಾದರೂ ಎಂಥವು? ಬರಿಗೈಯಲ್ಲಿ ಹೋಗುವುದು, ಮನೆಗೆ ಶಾಂತಿ ಕೋರುವುದು, ಒಂದೇ ಮನೆಯಲ್ಲಿ ತಂಗುವುದು, ಬಡಿಸಿದ್ದನ್ನು ಉಣ್ಣುವುದು. ಬೋಧನೆಯ ಮಾತು ಇವೆಲ್ಲದರ ನಂತರ ಬರುತ್ತದೆ. ಧರ್ಮಪ್ರಚಾರಕನು ಮೊದಲು ಅತಿಥಿ. 1659ರಲ್ಲಿ ರೋಮಿನ ಧರ್ಮಪ್ರಸಾರ ಪೀಠವು ಪೂರ್ವದೇಶಗಳಿಗೆ ಹೊರಟ ಪ್ರತಿನಿಧಿಗಳಿಗೆ ಯೂರೋಪನ್ನು ಹೊತ್ತೊಯ್ಯಬೇಡಿರೆಂದು ಎಚ್ಚರಿಸಿತ್ತು. 1919ರಲ್ಲಿ ಹದಿನೈದನೆಯ ಬೆನೆಡಿಕ್ಟರು, 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, 1990ರಲ್ಲಿ ಎರಡನೆಯ ಜಾನ್ ಪೌಲರು ಭಾಷಾಕಲಿಕೆಯನ್ನು ಧರ್ಮಪ್ರಚಾರಕನ ಕರ್ತವ್ಯವೆಂದೇ ಸ್ಥಾಪಿಸಿದ್ದಾರೆ.

ಅತಿಥಿಯ ಬರಹಕ್ಕೆ ಎದುರಾಗಿ ಆತಿಥೇಯರ ನೆನಪೂ ಇದೆ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ 2019ರಲ್ಲಿ ಕಿರಿಯ ಬೆಸಿಲಿಕಾ ಪದವಿ ಪಡೆಯಿತು. ಅದರ ಮೂಲದ ಬಗ್ಗೆ ಜನ ಹೇಳುವ ಕಥೆಯಲ್ಲಿ ಹಡಗಿಲ್ಲ, ಪರದೇಶಿ ಗುರುವಿಲ್ಲ. ಹೊಲ ಉಳುತ್ತಿದ್ದ ರೈತನಿಗೆ ಮರದ ಪ್ರತಿಮೆಯೊಂದು ಸಿಗುತ್ತದೆ. ಯಾರದೆಂದು ಅರಿಯದೆ ಅವನು ಅದನ್ನು ಮಕ್ಕಳ ಆಟಕ್ಕೆ ಕೊಡುತ್ತಾನೆ. ಆಮೇಲೆ ಕನಸು, ಆಮೇಲೆ ಗುಡಿ. ಇತಿಹಾಸಕಾರನು ಈ ಕಥೆಯನ್ನು ಬೇರೆ ಅಳತೆಗೋಲಿನಿಂದ ಅಳೆಯಲಿ. ವಿಮರ್ಶಕನಿಗೆ ಇದರಲ್ಲಿ ಮಹತ್ವದ ಸೂಚನೆಯಿದೆ. ಆಗಮನದ ಬರಹದಲ್ಲಿ ಬಂದವನು ನಾಯಕ, ಜನ ಹಿನ್ನೆಲೆ. ಡೋರ್ನಹಳ್ಳಿಯ ಕಥೆಯಲ್ಲಿ ನೆಲ, ನೇಗಿಲು, ರೈತ ಮುಂದಿದ್ದಾರೆ, ಪರದೇಶದಿಂದ ಬಂದ ಸಂತರೇ ಮಣ್ಣಿನಲ್ಲಿ ಕಾದು ಮಲಗಿದ್ದಾರೆ. ಜೂನ್ 13ರ ಹಬ್ಬಕ್ಕೆ ಎಲ್ಲ ಮತದವರೂ ಬರುವ ಆ ಊರಿನಲ್ಲಿ ಈ ಕಥೆ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ.

ಈ ಚರ್ಚೆ ಹಳೆಯ ಪುಸ್ತಕಗಳಿಗೆ ಮುಗಿಯುವುದಿಲ್ಲ. ಇಂದು ಕನ್ನಡ ನಾಡಿನ ಗುರುಗಳೂ ಕನ್ಯಾಸ್ತ್ರೀಯರೂ ಆಫ್ರಿಕಾ, ಯೂರೋಪುಗಳಿಗೆ ಹೋಗಿ ದುಡಿಯುತ್ತಿದ್ದಾರೆ. ಮೊದಲ ವಾರದ ಬರಹ ಈಗ ನಮ್ಮ ಕೈಯಿಂದಲೇ ಹೊರಡುತ್ತದೆ. ಪರದೇಶಕ್ಕೆ ವಿಮಾನವನ್ನೇ ಹತ್ತಬೇಕೆಂದೂ ಇಲ್ಲ. ಹೆಗ್ಗಡದೇವನಕೋಟೆಯ ಜೇನುಕುರುಬರ ಹಾಡಿಗೆ ಕಾಲಿಟ್ಟ ಮೈಸೂರಿನ ಗುರುವಿದ್ಯಾರ್ಥಿಗೆ ಅವರ ನುಡಿ ಹೊಸದು. ಹುಣಸೂರು, ಕೋಟೆ ತಾಲ್ಲೂಕುಗಳ ಈ ಜನ ನಾಗರಹೊಳೆಯ ಕಾಡಿನಿಂದ ಹೊರಬಿದ್ದವರು, ಕಬಿನಿ ಅಣೆಕಟ್ಟಿಗೆ ನೆಲೆ ಕಳೆದುಕೊಂಡವರು. ನೋಟುಪುಸ್ತಕ ಹಿಡಿದು ಬಂದವರನ್ನು ಸಾಕಷ್ಟು ಕಂಡಿದ್ದಾರೆ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದಾಗ ಸುತ್ತಲಿನ ರೈತರೇ ಆತಿಥೇಯರಾದರು. ಅತಿಥಿಗಳ ಮೊದಲ ವಾರವನ್ನು ಆತಿಥೇಯರ ಕಣ್ಣಿನಿಂದ ಊಹಿಸಿಕೊಳ್ಳಲು ಈ ತಾಲ್ಲೂಕುಗಳಷ್ಟು ಒಳ್ಳೆಯ ಪಾಠಶಾಲೆ ನಮಗೆ ದೊರೆಯದು.

ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಇಷ್ಟು ಸಂಯಮದಿಂದ ಬರೆದರೆ ದಾನಿಗಳ ಮನ ಕರಗುವುದೇ, ಯುವಕರಲ್ಲಿ ದೈವಕರೆ ಮೊಳೆಯುವುದೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ಪ್ರಾಮಾಣಿಕವಾದದ್ದು. ಆರ್ಥರ್ ಅವರಂಥವರ ಪುಸ್ತಕಗಳು ಆ ಕೆಲಸವನ್ನು ಮಾಡಿದವು. ಆದರೆ ಅದರ ಬೆಲೆಯನ್ನು ತೆತ್ತವರು ಓದುಗರಲ್ಲ, ವರ್ಣಿತರಾದವರು. ಗುಬ್ಬಿಯ ಜನ ತಮ್ಮ ಬಗ್ಗೆ ಲಂಡನ್ನಿನಲ್ಲಿ ಅಚ್ಚಾದುದನ್ನು ಅಂದು ಓದಲಾರದೆ ಹೋದರು. ಇಂದು ಹಾಡಿಯ ಹುಡುಗಿ ತನ್ನ ಮನೆಯ ಚಿತ್ರವನ್ನೂ ಅದರ ಕೆಳಗಿನ ಮಾತನ್ನೂ ಮೊಬೈಲಿನಲ್ಲಿ ಅದೇ ಸಂಜೆ ಓದುತ್ತಾಳೆ. ಅವಳ ಮುಂದೆ ನಿಂತು ಓದಿಹೇಳಲಾಗದ ವಾಕ್ಯ ಶುಭಸಂದೇಶದ ಸೇವೆಗೆ ತಕ್ಕದ್ದಲ್ಲ.

ಆದುದರಿಂದ ಗುರುಮಠಗಳಲ್ಲಿ ಪಾಲನಾ ತರಬೇತಿಗೆ ಹೊರಡುವವರ ಮೊದಲ ವರದಿಯನ್ನು ಕೆಲವು ಸರಳ ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂದು ನಾವು ಸೂಚಿಸುತ್ತೇವೆ. ಉಣಬಡಿಸಿದವರನ್ನೂ ದಾರಿ ತೋರಿಸಿದವರನ್ನೂ ಲೇಖಕನು ಸ್ಮರಿಸಿದ್ದಾನೆಯೇ? ಅಲ್ಲಿನ ನುಡಿಯಲ್ಲಿ ಯಾವ ಮಾತು ಕಲಿತನು, ಯಾರಿಂದ? ಕಂಡದ್ದೆಷ್ಟು, ಕೇಳಿದ್ದೆಷ್ಟು, ಓದಿದ್ದೆಷ್ಟು ಎಂದು ಬೇರ್ಪಡಿಸಿದ್ದಾನೆಯೇ? ಇನ್ನೂ ಅರ್ಥವಾಗದ್ದನ್ನು ಅರ್ಥವಾಗಿಲ್ಲವೆಂದೇ ಬರೆದಿದ್ದಾನೆಯೇ? ವರ್ಷ ಕಳೆದ ಮೇಲೆ ಅದೇ ವರದಿಯನ್ನು ಅವನ ಕೈಗೆ ಮರಳಿ ಕೊಟ್ಟು ತಿದ್ದಿಸಬೇಕು. ಸಂತ ಅಗಸ್ತೀನರು ಇಳಿವಯಸ್ಸಿನಲ್ಲಿ ತಮ್ಮ ಗ್ರಂಥಗಳನ್ನೆಲ್ಲ ಮುಂದಿಟ್ಟುಕೊಂಡು ತಿದ್ದುಪಡಿಗಳ ಪುಸ್ತಕವನ್ನೇ ಬರೆದರು. ದ್ಯುಬುವಾ ಅವರೂ ತಮ್ಮ ಹಸ್ತಪ್ರತಿಯನ್ನು ತಿದ್ದಿದರು. ತಿದ್ದಿದ ಪ್ರತಿಯೇ ಮೊದಲು ಓದುಗರನ್ನು ತಲುಪುವಂತೆ ನೋಡಿಕೊಳ್ಳುವ ಹೊಣೆ ಕಳುಹಿಸುವವರಾದ ನಮ್ಮ ಮೇಲಿದೆ.